ಮಣ್ಣು ಬಳಿದ ಹಗ್ಗ

ಮಾರ್ಚ್ 9, ಭಾನುವಾರ. ರಾತ್ರಿ ಹನ್ನೊಂದೂವರೆ.

ಹಗ್ಗ ಇನ್ನೂ ಬಚ್ಚಲಿನ ಬಕೆಟ್ಟಿನಲ್ಲೇ ಇದೆ. ಆ ಕಡೆ ನೋಡಲು ಧೈರ್ಯವಿಲ್ಲ.

ಬೆಳಿಗ್ಗೆ ಬೆಟ್ಟದ ತುದಿಯಲ್ಲಿ ಎಷ್ಟು ಬೀಗಿದ್ದೆ! ಹತ್ತುವವರ ಕೈಯ ಬಿಳಿ ಪುಡಿ ಬಂಡೆಗೆ ಮೆತ್ತಿದ್ದನ್ನು ಬ್ರಷ್ಷಿನಿಂದ ಉಜ್ಜಿ ತೆಗೆದೆ, ಚಾಕಲೇಟ್ ಕಾಗದಗಳನ್ನು ಹೆಕ್ಕಿದೆ. ಅಂಚಿನಲ್ಲಿ ಮಣ್ಣು ಹಿಡಿದ ಹಗ್ಗವೊಂದು ನೇತಾಡುತ್ತಿತ್ತು. ಕಸ ಬಿಟ್ಟುಹೋದವರನ್ನು ಬೈಯುತ್ತಲೇ ಅದನ್ನೂ ಬಿಚ್ಚಿ ಚೀಲಕ್ಕೆ ತುರುಕಿ, ನನ್ನ ಹಗ್ಗದಲ್ಲಿ ಇಳಿದು, ಅದನ್ನೂ ಕೆಳಗೆಳೆದುಕೊಂಡು ಬಂದೆ.

ರಾತ್ರಿ ತೊಳೆದರೆ ಮಣ್ಣೆಲ್ಲ ಬಿಟ್ಟು ಹೊಚ್ಚಹೊಸ ಹಗ್ಗ ಕಂಡಿತು. ಭಾವ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು.

"ಇದು ನಿಮ್ಮಕ್ಕಂದು ಕಣೋ. ಆ ಕಡೆಯಿಂದ ಹತ್ತಿ, ನಾಳೆ ಈ ಕಡೆ ಇಳಿಯೋಕೆ ಅಂತ ಶುಕ್ರವಾರವೇ ಕಟ್ಟಿ ಬಂದಿದ್ಲು. ಬೆಟ್ಟದ ಅಂದ ಕೆಡಬಾರದು ಅಂತ ಮಣ್ಣು ಬಳಿದಿದ್ಲು."

ಅಕ್ಕ ಇವತ್ತು ಬೆಟ್ಟ ಹತ್ತಿ ರಾತ್ರಿ ತುದಿಯಲ್ಲೇ ತಂಗುವುದು ಗೊತ್ತಿತ್ತು. ಹಗ್ಗದ ವಿಷಯ ಗೊತ್ತಿರಲಿಲ್ಲ.

ಭಾವ ಅರಣ್ಯ ಕಾವಲುಗಾರನನ್ನು ಎಬ್ಬಿಸಲು ಹೋಗಿದ್ದಾರೆ. ಈ ಕತ್ತಲಲ್ಲಿ ಮೇಲೆ ತಲುಪಲು ಏಳು ಗಂಟೆಗಳ ಹೊತ್ತಾದರೂ ಬೇಕು. ಅಕ್ಕ ಬೆಳಕು ಹರಿಯುವ ಮೊದಲೇ ಇಳಿಯಲು ಹೊರಡುವವಳು. ಅವಳ ಫೋನು ಸಿಗುತ್ತಿಲ್ಲ.

ಹಗ್ಗ ಇಲ್ಲವೆಂದು ಗೊತ್ತಾದರೆ ಅಲ್ಲೇ ಕೂತು ಕಾಯುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಚಪ್ಪಲಿ ಮೆಟ್ಟುತ್ತಾ ಭಾವ ಅಂದದ್ದು ಕಿವಿಯಲ್ಲೇ ಕೂತಿದೆ: "ಈಗ ಹಗ್ಗ ನನಗೇ ಕಾಣಲ್ಲ, ಕೈಯಾಡಿಸಿ ಹುಡುಕಬೇಕು ಅಂತ ನಗ್ತಿದ್ಲು."

ಹಾಗಾದರೆ ನಾಳೆ ಹಗ್ಗ ಕಾಣದಿದ್ದರೂ ಅವಳಿಗೆ ಗಾಬರಿಯಾಗುವುದಿಲ್ಲ. ಇಲ್ಲೇ ಎಲ್ಲೋ ಇದೆ ಎಂದುಕೊಂಡು ಅಂಚಿನಾಚೆ ಬಗ್ಗಿ, ಕತ್ತಲಲ್ಲಿ ಕೈಯಾಡಿಸುತ್ತಾ, ಇನ್ನೊಂದಿಷ್ಟು ಬಗ್ಗಿ…