ಹೋದ ವರ್ಷದ ಮೂರು ಚುಕ್ಕೆಗಳು

ಮಂಗಳವಾರ, ೧೪ ಅಕ್ಟೋಬರ್

ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಟೈಲರಮ್ಮನ ಮ್ಯಾಮೊಗ್ರಾಂ ಇವತ್ತು ನಾನೇ ನೋಡಿದೆ. ಎಡ ಸ್ತನದಲ್ಲಿ ಹನ್ನೊಂದು ಬಿಳಿ ಚುಕ್ಕೆಗಳು, ಪುಡಿ ಉಪ್ಪಿನಷ್ಟು ಸಣ್ಣವು, ಹಾಲಿನ ನಾಳದುದ್ದಕ್ಕೂ ಸಾಲಾಗಿ ಕೂತಿವೆ. ಗಂಟಿಲ್ಲ, ನೋವಿಲ್ಲ. ಕ್ಯಾನ್ಸರ್ ಆಗಿದ್ದರೂ ಬಹುಶಃ ಇನ್ನೂ ನಾಳ ದಾಟಿಲ್ಲ, ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಅಲ್ಲಿಯವರೆಗೆ ನಾನು ಸರಿಯಾಗೇ ಇದ್ದೆ. ಆಮೇಲೆ ಹೋದ ವರ್ಷದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಅದೇ ಜಾಗದಲ್ಲಿ ಮೂರು ಚುಕ್ಕೆಗಳು ಆಗಲೇ ಇದ್ದವು. ವರದಿಯಲ್ಲಿ ‘ತೊಂದರೆಯಿಲ್ಲ’ ಎಂದಿದೆ, ಕೆಳಗೆ ನನ್ನ ಸಹಿ.

ಹಿರಿಯ ಡಾಕ್ಟರಿಗೆ ತೋರಿಸಿದೆ. “ಮೂರೇ ಇದ್ರೆ ಯಾರಾದ್ರೂ ಬಿಡ್ತಿದ್ರು ಕಣಮ್ಮ. ಸುಮ್ನೆ ಮೈಮೇಲೆ ಎಳ್ಕೋಬೇಡ,” ಅಂದರು. ನಿಜವಿರಬಹುದು. ಆದರೆ ಅಂದು ನಾನು ನೋಡಿ ಬಿಟ್ಟೆನೋ, ನೋಡಲೇ ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಬೆಳಿಗ್ಗೆ ಚಿತ್ರ ತೆಗೆಸಿಕೊಂಡು ಹೊರಡುವಾಗ ಟೈಲರಮ್ಮ, “ನಮ್ಮನೆಯವ್ರ ಮಾತು ನಂಬಿ ಕೆಟ್ಟಿದೀನಿ ಮೇಡಂ, ನಿಮ್ಮ ಮಾತು ನಂಬಿ ಒಂದು ವರ್ಷ ನಿಶ್ಚಿಂತೆಯಾಗಿ ನಿದ್ದೆ ಮಾಡಿದೀನಿ,” ಎಂದು ನಕ್ಕಿದ್ದರು.

ನಾಳೆ ಹತ್ತಕ್ಕೆ ಬರುತ್ತಾರೆ. ಹೋದ ವರ್ಷ ಇದು ಇರಲಿಲ್ಲವೇ ಎಂದು ಅವರು ಕೇಳದೆಯೂ ಇರಬಹುದು. ಕೇಳುವ ಮೊದಲೇ ನಾನು ‘ಇತ್ತು’ ಅನ್ನಬೇಕು. ಅಂದಮೇಲೆ ಸಮರ್ಥನೆಗೆ ಇಳಿಯದೆ, ಅವರು ಬಾಯಿ ತೆರೆಯುವವರೆಗೆ ಸುಮ್ಮನೆ ಕೂತಿರಬೇಕು. ಅದೊಂದು ನನ್ನಿಂದ ಆದರೆ ಸಾಕು.