ಹೆಸರಿಲ್ಲದ ಹಳದಿ ಚೀಟಿ

6 ಜನವರಿ 2025, ಸೋಮವಾರ

ಶನಿವಾರದ ಬಾಕಿ. ಹತ್ತು ಕನ್ನಡಕಗಳಿಗೆ ಮೂಗಿನ ಪ್ಯಾಡ್ ಹಾಕಿದೆ. ಹನ್ನೊಂದನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಹಾಸಭೆಗೆ ಕರೆ.

ಮುಂದಿನ ಇತಿಹಾಸಕಾರರ ಗಮನಕ್ಕೆ: ಇಂದು ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕನ್ನಡಕದಂಗಡಿಯಲ್ಲಿ ಹೊಸ ಯುಗ ಆರಂಭವಾಯಿತು. ಹಳೆಯ ಯುಗದಲ್ಲಿ ಸೋಮವಾರದ ಮೀಟಿಂಗ್ ಎಂದರೆ ಮಾಲೀಕ ಹಾಜಿಯವರ ಫೋನ್. ಅವರು ಮಾತಾಡುವುದು; ಪುತ್ತೂರಿನಿಂದ ನಾನು ಮತ್ತು ಯಜ್ಞಣ್ಣ, ಸುಳ್ಯದಿಂದ ಸೂರಜ್, ಕಡಬದಿಂದ ರಾಜೀವಿ ಅಕ್ಕ, ನಾಲ್ವರೂ ‘ಆಯ್ತು’ ಎನ್ನುವುದು. ಈಗ ಹಾಜಿಯವರು ಮೂರೂ ಅಂಗಡಿಗಳನ್ನು ಮಗಳು ರಿಝ್ವಾನಾ ಮೇಡಂಗೆ ಒಪ್ಪಿಸಿದ್ದಾರೆ. ಮೇಡಂ ಎಂಬಿಎ. ಗೋಡೆಯ ಟಿವಿಯಲ್ಲಿ ಇಷ್ಟು ದಿನ ಫ್ರೇಮ್‌ಗಳ ಜಾಹೀರಾತು ಓಡುತ್ತಿತ್ತು. ಅಲ್ಲಿ ಈಗ ವಿಡಿಯೊ ಕಾಲ್, ಜೊತೆಗೆ ಡಿಜಿಟಲ್ ವೈಟ್‌ಬೋರ್ಡ್. ಮೂರು ಊರಿಗೂ ಒಂದೇ ಬೋರ್ಡ್, ಎಲ್ಲರೂ ಅವರವರ ಮೊಬೈಲಿನಿಂದ ಹಳದಿ ಚೀಟಿ ಅಂಟಿಸಬಹುದು. ಖಾನೆಗಳು ರೆಡಿಮೇಡ್ ಬರುತ್ತವೆ. ಟೆಂಪ್ಲೇಟ್ ಅಂತೆ.

ಮೊದಲ ಖಾನೆ ‘ಇವತ್ತಿನ ಹವಾಮಾನ’. ಬಿಸಿಲು, ಮೋಡ, ಮಳೆ… ಮನಸ್ಸು ಹೇಗಿದೆಯೋ ಅಲ್ಲಿಗೆ ನಮ್ಮ ಹೆಸರನ್ನು ಎಳೆದು ಇಡಬೇಕು. ಎರಡನೆಯದು ‘ಹೂವು, ಮುಳ್ಳು’: ಕಳೆದ ವಾರ ಚೆನ್ನಾದದ್ದು, ಚುಚ್ಚಿದ್ದು. ಮೂರನೆಯದು ‘ಹೇಳಲಿಕ್ಕೆ ಆಗದ್ದು’. ಅಲ್ಲಿ ಅಂಟಿಸಿದ ಚೀಟಿಗೆ ಹೆಸರು ಬರುವುದಿಲ್ಲ.

ಹೆಸರು ಬರುವುದಿಲ್ಲ! ಇಪ್ಪತ್ತೆರಡು ವರ್ಷಗಳ ಈ ಜೀವನದಲ್ಲಿ ನನಗಾಗಿಯೇ ಹೇಳಿ ಮಾಡಿಸಿದ ವಸ್ತು ಇದೊಂದೇ.

ಯಜ್ಞಣ್ಣ ಮೊಬೈಲ್ ಹೊರಗೆ ತೆಗೆಯಲೇ ಇಲ್ಲ.

“ನಿಮ್ಮ ಹೆಸರು ಎಲ್ಲಿ ಇಡುದು ಯಜ್ಞಣ್ಣ?”

“ಎಲ್ಲಿಯಾದ್ರೂ ಇಡು ಮಾರಾಯ.”

ಬಿಸಿಲಿನಲ್ಲಿ ಇಟ್ಟೆ. “ಬರೆಯುದು ಉದಾಸೀನ ಆದ್ರೆ ಈ ಮೈಕ್ ಒತ್ತಿ ಮಾತಾಡಿ ಯಜ್ಞಣ್ಣ, ಅದೇ ಬರೀತದೆ,” ಎಂದು ಮೇಡಂ ತೋರಿಸಿಕೊಟ್ಟರು. ಅವರು ತಲೆಯಾಡಿಸಿದರು.

13 ಜನವರಿ

‘ಹೇಳಲಿಕ್ಕೆ ಆಗದ್ದು’ ಖಾನೆಯಲ್ಲಿ ಇಂದು ಕಂಡ ಚೀಟಿ:

‘ನಾನು ಮೂರನೆಯ ಕಪಾಟಿನ ಪ್ಲಾಸ್ಟಿಕ್ ತಲೆ. ಹದಿನೇಳು ವರ್ಷಗಳಿಂದ ಒಂದೇ ಕನ್ನಡಕದಲ್ಲಿ ನಿಂತಿದ್ದೇನೆ. ರಜೆ ಕೇಳಿಲ್ಲ. ಬಡ್ತಿ ಕೊಡಿ.’

ಕಡಬದಿಂದ ರಾಜೀವಿ ಅಕ್ಕನ ನಗೆ ನಿಲ್ಲಲೇ ಇಲ್ಲ. ಪಾಪ, ಅಲ್ಲಿ ಅವರು ಒಬ್ಬರೇ, ದಿನವಿಡೀ ಕನ್ನಡಿಗಳ ನಡುವೆ. ಮೇಡಂ ಕೂಡ ಬಾಯಿಗೆ ಶಾಲು ಒತ್ತಿಕೊಂಡರು. ಎಲ್ಲರೂ ನನ್ನನ್ನೇ ನೋಡಿದರು. ನಾನು ಎದ್ದು ನಿಂತು, ಎದೆಗೆ ಕೈಯಿಟ್ಟು, ಸೊಂಟದವರೆಗೆ ಬಾಗಿ ನಮಸ್ಕರಿಸಿದೆ.

ಯಜ್ಞಣ್ಣ ನಕ್ಕರೆ ಸದ್ದಾಗುವುದಿಲ್ಲ. ಮೀಸೆಯ ಎಡತುದಿ ಮಾತ್ರ ಏಳುತ್ತದೆ. ಎದ್ದಿತು. ಅದನ್ನು ಏಳಿಸುವುದಕ್ಕಾಗಿಯೇ ನಾನು ಇಷ್ಟೆಲ್ಲ ಮಾಡುವುದು… ಇದು ಗುಪ್ತ ದಾಖಲೆ.

20 ಜನವರಿ

ಇಂದಿನ ಚೀಟಿ: ‘ಕಳೆದ ವಾರ ನೆಲಕ್ಕೆ ಬಿದ್ದ ಸ್ಕ್ರೂ ನಾನು. ಇನ್ನೂ ಮೇಜಿನ ಕೆಳಗೇ ಇದ್ದೇನೆ. ಯಾರೂ ಹುಡುಕಲಿಲ್ಲ. ದುಃಖವಾಗಿದೆ.’ ಪ್ರಚಂಡ ಯಶಸ್ಸು. ನಮಸ್ಕಾರ.

ಈಗೀಗ ಸ್ಕ್ರೂ ಬೀಳಿಸುವುದು ಯಜ್ಞಣ್ಣ. ಮೂವತ್ತೊಂದು ವರ್ಷಗಳ ಕೈ. ಮೂಗಿನ ಮೇಲೆ ಬೆರಳು ಆಡಿಸಿಯೇ ಫ್ರೇಮಿನ ಅಳತೆ ಹೇಳುವ ಮನುಷ್ಯ. ಇವತ್ತು ಮೀಸೆ ಏಳಲಿಲ್ಲ. ನನ್ನ ಕಲೆಯಲ್ಲಿ ಏನೋ ಕೊರತೆ.

3 ಫೆಬ್ರವರಿ

ಇಂದು ಚೀಟಿ ಬರೆಯಲಿಲ್ಲ. ಬಸ್ಸು ತಡವಾಗಿ, ಬಂದದ್ದೇ ಒಂಬತ್ತಕ್ಕೆ. ಆದರೂ ಖಾನೆಯಲ್ಲಿ ಒಂದು ಚೀಟಿ ಇತ್ತು. ಮೇಡಂ ಓದಿದರು:

‘ನನಗೆ ಈಗ ಅಕ್ಷರ ಸರಿ ಕಾಣುದಿಲ್ಲ ಯಾರಿಗೆ ಹೇಳುದು ಅಂತ ಗೊತ್ತಾಗುದಿಲ್ಲ’

ಕನ್ನಡಕದಂಗಡಿಯ ಬೋರ್ಡಿನಲ್ಲಿ! ಸೂರಜ್ ಕುರ್ಚಿಯಿಂದ ಜಾರಿದ ಸದ್ದು ಸುಳ್ಯದಿಂದ ಕೇಳಿತು. ರಾಜೀವಿ ಅಕ್ಕ, “ಅಯ್ಯೋ ಮುನವ್ವರ, ಸಾಕು ಮಾರಾಯ, ಹೊಟ್ಟೆ ನೋಯ್ತದೆ.” ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ “ಯಾರು ಇದು…” ಎಂದು ಶುರು ಮಾಡಿದರು. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತೆ. ಎದೆಗೆ ಕೈ. ಸೊಂಟದವರೆಗೆ ಬಾಗಿದೆ.

ನಾನು ಬರೆದದ್ದಲ್ಲ ಎಂಬುದು ಈ ಪುಸ್ತಕಕ್ಕೆ ಮಾತ್ರ ಗೊತ್ತು. ಬಿಟ್ಟಿ ಸಿಕ್ಕಿದ ಕೀರ್ತಿಯನ್ನು ಯಾಕೆ ಬಿಡಬೇಕು? ಸೂರಜನ ಕೆಲಸವೇ ಇರಬೇಕು. ಶಿಷ್ಯವರ್ಗ ಬೆಳೆಯುತ್ತಿದೆ.

ಯಜ್ಞಣ್ಣನೂ ನಕ್ಕರು. ಗಟ್ಟಿಯಾಗಿ.

11 ಫೆಬ್ರವರಿ, ಮಂಗಳವಾರ

ಕೊಯಿಲದ ಟೀಚರೊಬ್ಬರು ಶನಿವಾರ ಕೊಂಡುಹೋದ ಕನ್ನಡಕ ಹಿಡಿದುಕೊಂಡು ವಾಪಸ್ ಬಂದರು. “ಇದು ಹಾಕಿದ್ರೆ ಮೆಟ್ಟಿಲು ಓರೆ ಕಾಣ್ತದೆ.” ಕೆಲವು ಲೆನ್ಸುಗಳಿಗೆ ಕೋನ ಉಂಟು. ಕೂರಿಸುವಾಗ ತುಸು ತಿರುಗಿದರೂ ನೆಲವೇ ವಾಲುತ್ತದೆ. ಮೆಷಿನ್‌ನಲ್ಲಿ ಇಟ್ಟು ನೋಡಿದೆ. ಹತ್ತು ಡಿಗ್ರಿ ಆಚೆ.

ಅದನ್ನು ಕೂರಿಸಿದ್ದು ಯಜ್ಞಣ್ಣ. “ನನ್ನದೇ ತಪ್ಪು ಟೀಚರ್, ಈಗ ಮಾಡಿ ಕೊಡ್ತೇನೆ,” ಎಂದವರು ಲೆನ್ಸನ್ನು ನನ್ನ ಕೈಗೆ ಕೊಟ್ಟರು. “ನೀನು ಮಾಡು. ಕಲಿಬೇಕಲ್ಲ.”

ನನಗೆ ಕಲಿಸುವ ಅವಸರ ಅವರಿಗೆ ಈಗ ಯಾಕೆ?

ಮಧ್ಯಾಹ್ನ ಸೂರಜನಿಗೆ ಫೋನ್ ಮಾಡಿದೆ.

“ಆ ಚೀಟಿ ನಿನ್ನದಲ್ವಾ?”

“ಯಾವುದು? ಅಕ್ಷರ ಕಾಣುದಿಲ್ಲ ಹೇಳಿದ್ದಾ? ನೀನೇ ಅಲ್ವನಾ ನಮಸ್ಕಾರ ಹೊಡ್ದದ್ದು!”

ರಾಜೀವಿ ಅಕ್ಕ: “ನಾನು ಬರೆಯುದಾದ್ರೆ ಹೆಸರು ಹಾಕಿಯೇ ಬರೀತೇನೆ. ನನಗೆ ಯಾರ ಹೆದರಿಕೆ?”

ಬೋರ್ಡಿನ ಹಳೆಯ ಪುಟ ತೆರೆದೆ. ಹೆಸರಿಲ್ಲ, ಹೊತ್ತು ಉಂಟು: ಬೆಳಿಗ್ಗೆ 8.12. ಚುಕ್ಕಿ ಇಲ್ಲ, ಅಲ್ಪವಿರಾಮ ಇಲ್ಲ. ಬರೆದದ್ದಲ್ಲ, ಮಾತಾಡಿದ್ದು. ಆ ಹೊತ್ತಿಗೆ ಇಲ್ಲಿ ಬಾಗಿಲು ತೆಗೆದು ಒಬ್ಬರೇ ಇರುವುದು ಬೀಗದ ಕೈ ಇರುವ ಯಜ್ಞಣ್ಣ.



14 ಫೆಬ್ರವರಿ, ಸಂಜೆ 5

ಕೇಳಲಿಕ್ಕೆ ಧೈರ್ಯ ಬರಲಿಲ್ಲ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಅದನ್ನೇ ಮಾಡಿದೆ.

ಒಳಕೋಣೆಯ ಅಕ್ಷರದ ಚಾರ್ಟ್. ಮೊದಲ ದೊಡ್ಡ ಅಕ್ಷರ ಹಾಗೇ ಬಿಟ್ಟು, ಕೆಳಗಿನ ಎಲ್ಲ ಸಾಲುಗಳನ್ನೂ ಬದಲಿಸಿ ಹೊಸತು ಪ್ರಿಂಟ್ ಹಾಕಿಸಿ ಅದೇ ಮೊಳೆಗೆ ನೇತುಹಾಕಿದೆ.

“ಯಜ್ಞಣ್ಣ, ಗಿರಾಕಿ ಆಗಿ ಸ್ವಲ್ಪ ಕೂತುಕೊಳ್ಳಿ. ನಾನು ಕೋಲು ಹಿಡಿದು ಅಭ್ಯಾಸ ಮಾಡ್ತೇನೆ.”

“ನಿನ್ನದೊಂದು ನಾಟಕ,” ಎಂದು ಕೂತರು. ಓದಿದರು. ಎಲ್ಲಿಯೂ ತಡವರಿಸಲಿಲ್ಲ. ಗ, ಪ, ತ, ರ… ಕೊನೆಯ ಸಾಲಿನವರೆಗೆ. ಮೂವತ್ತೊಂದು ವರ್ಷ ಅದರ ಪಕ್ಕದಲ್ಲಿ ನಿಂತು ಸಾವಿರಾರು ಜನರಿಗೆ ಓದಿಸಿದ್ದಾರೆ. ಹಳೆಯ ಚಾರ್ಟ್ ಬಾಯಿಪಾಠ.

ಆ ಮೊದಲ ಅಕ್ಷರ ಬಿಟ್ಟರೆ, ಅವರು ಓದಿದ ಒಂದು ಸಾಲೂ ಗೋಡೆಯ ಮೇಲೆ ಇರಲಿಲ್ಲ.

“ಎಂತ, ತಪ್ಪಾಯ್ತಾ?”

“ಇಲ್ಲ. ಎಲ್ಲ… ಸರಿ ಉಂಟು.”

ನನ್ನ ಸ್ವರವೇ ಚಾಡಿ ಹೇಳಿತು. ಅವರು ಎದ್ದು ಗೋಡೆಯ ಹತ್ತಿರ ಹೋದರು. ಚಾರ್ಟಿನ ಕೆಳಮೂಲೆಯಲ್ಲಿ ಹೆಬ್ಬೆರಳು ಆಡಿಸಿದರು. ಹಳೆಯದರ ಮೂಲೆ ಮಡಚಿ ಟೇಪ್ ಹಾಕಿದ್ದೆವು.

“ಹೊಸತು,” ಎಂದರು.

“ಹೌದು.”

ಆ ಮೂಲೆಯನ್ನು ಇನ್ನೊಮ್ಮೆ ಸವರಿದರು. ಆಮೇಲೆ: “ಅಂಗಡಿಯಲ್ಲಿರುವ ಎಲ್ಲಾ ನಂಬರ್ ಹಾಕಿ ನೋಡಿದೆ ಮುನವ್ವರ. ದಿನಾ ಬೆಳಿಗ್ಗೆ, ನೀವು ಬರುವ ಮೊದ್ಲು. ಯಾವುದೂ ಆಗುದಿಲ್ಲ. ನಡುವಿನಲ್ಲಿ ಒಂದು ಕಲೆ ಕೂತ ಹಾಗೆ. ಸಕ್ಕರೆ ಕಾಯಿಲೆ ಉಂಟಲ್ಲ, ಅದರದ್ದೇ ಇರ್ಬೇಕು.”

“ಯಾಕೆ ಹೇಳ್ಲಿಲ್ಲ?”

“ಕನ್ನಡಕದವನಿಗೇ ಕಣ್ಣಿಲ್ಲ ಅಂತ ಆದ್ರೆ ಮತ್ತೆ ಎಂತ ಕೆಲಸ ನನಗೆ? ಯಾರಿಗೆ ಹೇಳುದು ಅಂತ ಗೊತ್ತಾಗ್ಲಿಲ್ಲ. ಮೈಕಿಗೆ ಹೇಳಿದೆ. ಯಾರಾದ್ರೂ ಒಬ್ರು ‘ಯಾರು ಇದು’ ಅಂತ ಕೇಳಿದ್ರೆ ‘ನಾನು’ ಅನ್ನುವ ಅಂತ ಇದ್ದೆ. ರಿಝ್ವಾನಾ ಕೇಳ್ಲಿಕ್ಕೆ ಹೊರಟಿತ್ತು ಕೂಡ. ಅಷ್ಟರಲ್ಲಿ ನೀನು ಎದ್ದು ನಿಂತೆ.”

ನಾನು ಹಳೆಯ ಚಾರ್ಟನ್ನು ಸುರುಳಿ ಸುತ್ತತೊಡಗಿದೆ.

“ಮತ್ತೆ ನಾನೂ ನೆಗಾಡಿದೆ. ನೆಗಾಡದಿದ್ರೆ ಗೊತ್ತಾಗ್ತದಲ್ಲ.”

“ಬೈಯಿರಿ ಯಜ್ಞಣ್ಣ.”

“ಬೈದು ಎಂತ ಮಾಡುದು? ಹೋಗು, ಎರಡು ಚಾ ತಾ. ನನ್ನದಕ್ಕೆ ಸಕ್ಕರೆ ಬೇಡ.”

ಯಾರಿಗೂ ಹೇಳಬಾರದು ಎಂದರು. ಅವರ ಹೆಸರು ಹೇಳುವುದಿಲ್ಲ ಎಂದೆ. ನನ್ನ ಹೆಸರು ಹೇಳಬಾರದು ಎಂದು ಅವರು ಹೇಳಲಿಲ್ಲ.

17 ಫೆಬ್ರವರಿ, ಸೋಮವಾರ

‘ಹೇಳಲಿಕ್ಕೆ ಆಗದ್ದು’ ಖಾನೆಯಲ್ಲಿ ನಾನು ಅಂಟಿಸಿದ್ದು:

‘ಫೆಬ್ರವರಿ ಮೂರರ ಚೀಟಿ ನನ್ನದಲ್ಲ. ನಮಸ್ಕಾರ ಮಾತ್ರ ನನ್ನದು. ಅದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಬರೆದವರು ನಿಜವನ್ನೇ ಬರೆದಿದ್ದರು. ಮುನವ್ವರ್.’

ರಾಜೀವಿ ಅಕ್ಕ ನಗಲಿಕ್ಕೆ ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಮೇಡಂ ಮೆಲ್ಲನೆ, “ಹಾಗಾದ್ರೆ ಯಾರು ಇದು?”

ಈ ಸಲ ನಾನು ಕೂತೇ ಇದ್ದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಪಕ್ಕದ ಕುರ್ಚಿ ಕರಕರ ಎಂದಿತು. “ನಾನು ಮಗಾ,” ಎಂದರು ಯಜ್ಞಣ್ಣ. ಮೇಡಂ ಫ್ರಾಕ್ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದ ಕಾಲದಲ್ಲಿ ಹಾಗೆ ಕರೆಯುತ್ತಿದ್ದರಂತೆ.

ಬೋರ್ಡಿನಲ್ಲಿ ಅವರ ಹೆಸರು ಎಂದಿನಂತೆ ಬಿಸಿಲಿನಲ್ಲಿತ್ತು. ನಾನೇ ಇಟ್ಟದ್ದು, ಮೊದಲ ವಾರದ ನಂತರ ಪ್ರತಿ ಸೋಮವಾರ, ಕೇಳದೆ. ಈಗ ಕೇಳಿದೆ.

“ಯಜ್ಞಣ್ಣ, ಎಲ್ಲಿ ಇಡುದು?”

“ಮಳೆಯಲ್ಲಿ ಇಡು.”

ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ, ಬಿಸಿಲಿನಲ್ಲಿದ್ದ ‘ರಾಜೀವಿ’ ಎಂಬ ಚೀಟಿ ತಾನಾಗಿ ಅಲುಗಿತು. ಕಡಬದಿಂದ ಯಾರೋ ಬೆರಳಲ್ಲಿ ಎಳೆಯುತ್ತಿದ್ದರು. ಮೋಡ ದಾಟಿ, ಮಳೆಗೆ ಬಂದು, ಯಜ್ಞಣ್ಣನ ಪಕ್ಕದಲ್ಲಿ ನಿಂತಿತು. ಮತ್ತೆ ಸೂರಜ್. ಮತ್ತೆ ರಿಝ್ವಾನಾ. ನಾನು ಕೊನೆಯವನು. ಬೆರಳು ಒದ್ದೆಯಾದರೆ ಈ ಮೊಬೈಲ್ ಸರಿಯಾಗಿ ಕೇಳುವುದಿಲ್ಲ.

“ಎಂತ ಆಯ್ತು? ಎಲ್ಲಿ ಇಟ್ಟಿದ್ದಾರೆ?” ಎಂದು ಯಜ್ಞಣ್ಣ ನನ್ನ ಕಡೆ ಬಾಗಿದರು.

“ಎಲ್ರೂ ನಿಮ್ಮ ಕೊಡೆಯ ಅಡಿಗೆ ಬಂದಿದ್ದಾರೆ.”

“ಜಾಗ ಉಂಟಾ?”

“ಉಂಟು.”

ಮೇಡಂ ಅಲ್ಲಿಯೇ ಹೊಸ ಖಾನೆ ಮಾಡಿ ಬರೆದರು: ‘ಫಿಟ್ಟಿಂಗ್: ಕೈ ಯಜ್ಞಣ್ಣ, ಕಣ್ಣು ಮುನವ್ವರ್.’ ಆಮೇಲೆ ಕಾರಿನ ಕೀ ಎತ್ತಿಕೊಂಡರು. “ಮಂಗಳೂರಿಗೆ ಇವತ್ತೇ. ಈಗಲೇ.”

17 ಫೆಬ್ರವರಿ, ಸಂಜೆ

ಎರಡೂ ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ತುಂಬಿದೆಯಂತೆ. ಸಕ್ಕರೆಯಿಂದ. ಕಣ್ಣಿಗೇ ಇಂಜೆಕ್ಷನ್, ತಿಂಗಳಿಗೊಂದು ಸಲ, ಮೂರು ಸಲ. ಎಷ್ಟು ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. “ಒಂದು ತಿಂಗಳು ಮೊದ್ಲೇ ಬಂದಿದ್ರೆ ಒಳ್ಳೆದಿತ್ತು. ಈಗ ಬಂದದ್ದೂ ಒಳ್ಳೆದೇ.”

ಮೂರನೆಯ ತಾರೀಕಿನಿಂದ ಹದಿನೇಳಕ್ಕೆ ಹದಿನಾಲ್ಕು ದಿನ. ಆ ಹದಿನಾಲ್ಕು ನನ್ನವು.

20 ಮಾರ್ಚ್

ಎರಡನೆಯ ಇಂಜೆಕ್ಷನ್. ಮೇಡಂ ಊರಲ್ಲಿರಲಿಲ್ಲ, ಬಸ್ಸಿನಲ್ಲಿ ಹೋದೆವು. ನನಗೆ ರಂಜಾನ್ ಉಪವಾಸ. ವಾಪಸ್ ಬರುವಾಗ ಕಿಟಕಿಯ ಪಕ್ಕ ಯಜ್ಞಣ್ಣ, ಒಂದು ಕಣ್ಣಿಗೆ ಪಟ್ಟಿ. ನನಗೆ ತೂಕಡಿಕೆ. ಬಿ.ಸಿ. ರೋಡು ದಾಟಿದ ಮೇಲೆ ಮೊಣಕೈಯಿಂದ ತಿವಿದರು.

“ಹೊತ್ತಾಯ್ತಾ ನೋಡು. ನನಗೆ ವಾಚ್ ಕಾಣುದಿಲ್ಲ.”

ಆಗಿತ್ತು, ಎರಡು ನಿಮಿಷ ಹೆಚ್ಚೇ. ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದರು. ಖರ್ಜೂರ, ಮೂರು. ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವರು, ನಾನು ಔಷಧಿಯ ಸಾಲಿನಲ್ಲಿದ್ದಾಗ, ಯಾವಾಗ ತಂದರೋ.

ಗಂಭೀರವಾಗಿ ಏನಾದರೂ ಹೇಳಬೇಕು ಎಂದುಕೊಂಡೆ. ಬಾಯಲ್ಲಿ ಬೀಜ ಇತ್ತು.

21 ಏಪ್ರಿಲ್

ಮೂರನೆಯ ಇಂಜೆಕ್ಷನ್, ಮಧ್ಯಾಹ್ನ. ಹೊರಡುವ ಮೊದಲು ಮೀಟಿಂಗ್. ಹವಾಮಾನ: ಮೋಡ. ಯಜ್ಞಣ್ಣ ತಮ್ಮ ಹೆಸರನ್ನು ತಾವೇ ಎಳೆದು ಇಟ್ಟರು. ಸ್ವಲ್ಪ ಗೆರೆಯ ಆಚೆ ಹೋಯಿತು. ಯಾರೂ ಸರಿ ಮಾಡಲಿಲ್ಲ.

19 ಮೇ, ಸೋಮವಾರ, ಬೆಳಿಗ್ಗೆ 9.10

ಇಂದು ಮೇಡಂ ಹೊಸ ಟೆಂಪ್ಲೇಟ್ ಮಾಡಿದ್ದಾರೆ. ಬೋರ್ಡಿನಲ್ಲಿ ಐದು ಸಾಲು, ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತ. ಒಬ್ಬೊಬ್ಬರು ಒಂದೊಂದು ಸಾಲು ತುಂಬಬೇಕು, ಮನಸ್ಸಿಗೆ ಬಂದ ಅಕ್ಷರ. ಬಾಯಿಪಾಠಕ್ಕೆ ಅವಕಾಶವೇ ಇಲ್ಲ. ಮೊದಲನೆಯದು ಮೇಡಂ, ಎರಡನೆಯದು ರಾಜೀವಿ ಅಕ್ಕ, ಮೂರು ಸೂರಜ್, ನಾಲ್ಕು ಕೆಮ್ಮುತ್ತ ಬಂದು ಕೂತ ಹಾಜಿಯವರು. ಐದು, ಎಲ್ಲಕ್ಕಿಂತ ಸಣ್ಣದು, ನನ್ನದು.

ನನ್ನನ್ನು ಸಭೆಯ ಬರಹಗಾರನಾಗಿ ನೇಮಿಸಲಾಗಿದೆ. ಆದ್ದರಿಂದ ಗಲ್ಲಾದ ಹಿಂದೆ ಕೂತು ಬರೆಯುತ್ತಿರುವುದು ಅಧಿಕೃತ.

ಯಜ್ಞಣ್ಣ ಅಂಗಡಿಯ ಆ ತುದಿಯಲ್ಲಿ ಗಿರಾಕಿಯ ಸ್ಟೂಲಿನ ಮೇಲೆ. ಹೊಸ ಕನ್ನಡಕ. ಲೆನ್ಸ್ ಕೂರಿಸಿದ್ದು ನಾನು, ಸ್ಕ್ರೂ ಬಿಗಿ ಮಾಡಿದ್ದು ಅವರೇ.

ಒಂದನೆಯ ಸಾಲು ಓದಿದರು. ಎರಡನೆಯದೂ. ಕಡಬದಿಂದ ಚಪ್ಪಾಳೆ, “ಶ್!” ಎಂದರು ಮೇಡಂ. ಮೂರನೆಯದರಲ್ಲಿ ಒಂದು ಅಕ್ಷರ ತಪ್ಪಿತು. ತಾವೇ ತಿದ್ದಿಕೊಂಡರು. ನಾಲ್ಕು, ನಿಧಾನ. ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು. ಹಾಜಿಯವರು ಕೆಮ್ಮು ನಿಲ್ಲಿಸಿದ್ದಾರೆ.

ಐದನೆಯದು.

ಅಲ್ಲಿ ಬಿಡಿ ಅಕ್ಷರಗಳಿಲ್ಲ. ಅಲ್ಲಿರುವುದು: ‘ಪ್ಲಾಸ್ಟಿಕ್ ತಲೆಗೆ ಬಡ್ತಿ ಆಯಿತು. ಇನ್ನು ಮುಂದೆ ಅವರು ಮ್ಯಾನೇಜರ್.’

ಓದದಿದ್ದರೂ ಪರವಾಗಿಲ್ಲ. ನಾಲ್ಕು ಸಾಲು ಬಂತಲ್ಲ, ಅದೇ ಸಾಕು. ಸಾಕು ಎಂದು ನಾನು ಬರೆಯುತ್ತಿದ್ದೇನೆ, ಅಷ್ಟೇ. ಗಟ್ಟಿಯಾಗಿ ನಕ್ಕರೆ ನಂಬುವುದಿಲ್ಲ. ಆ ನಗೆ ನನಗೆ ಗೊತ್ತು.

ಕುತ್ತಿಗೆ ಮುಂದಕ್ಕೆ ಚಾಚಿದರು. ಕಣ್ಣು ಕಿರಿದು ಮಾಡಿದರು. ತುಟಿ ಅಲುಗುತ್ತಿದೆ, ಸ್ವರ ಇಲ್ಲ. ನಿಂತಿತು. ಮೂರನೆಯ ಕಪಾಟಿನ ಕಡೆಗೆ ಒಮ್ಮೆ ತಿರುಗಿ ನೋಡಿದರು. ಸದ್ದಿಲ್ಲ. ಮೀಸೆಯ ಎಡ—