ರೋಡ್ನಿಗೆ ಕೊಟ್ಟ ಕೋಣೆ

ಹೇವರ್ಡ್,
14 ಸೆಪ್ಟೆಂಬರ್ 1985

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಮೊನ್ನೆ ತಲುಪಿತು. ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀಯ, ಆದರೆ ಅಕ್ಷರ ನೋಡಿದರೆ ನಂಬಿಕೆ ಬರುವುದಿಲ್ಲ. ಕೊನೆಕೊನೆಗೆ ಸಾಲುಗಳೆಲ್ಲ ಇಳಿಜಾರಿಗೆ ಬಿದ್ದಿವೆ. ಬಾಣಂತಿಗೆ ಮಾಡುವ ಕಷಾಯದಲ್ಲಿ ನೀನೂ ಒಂದು ಲೋಟ ಕುಡಿ. ನಿರುಪಮಕ್ಕ ಹೇಗಿದ್ದಾಳೆ? ಮಗುವಿನ ಮೂಗು ನಮ್ಮ ಅಜ್ಜಿಯದೇ ಅಂತೆ. ಪಾಪ, ಬೆಳೆಯುತ್ತಾ ಸರಿಹೋಗಲಿ. ಇಲ್ಲಿ ನಾವು ಆರೋಗ್ಯವಾಗಿದ್ದೇವೆ. ಅಪ್ಪ ದಿನಾ ಅನ್ನ ಸಾರು ಮಾಡುತ್ತಾರೆ. ಸಾರಿಗೆ ಒಂದು ದಿನ ಉಪ್ಪು ಹೆಚ್ಚು, ಇನ್ನೊಂದು ದಿನ ಇಲ್ಲವೇ ಇಲ್ಲ. ನೀನು ಮಾಡಿಟ್ಟು ಹೋದ ಸಾರಿನಪುಡಿ ಆಗಲೇ ತಳ ಕಾಣುತ್ತಿದೆ. ಅದಕ್ಕೆ ಕಾರಣ ನಾವಿಬ್ಬರಲ್ಲ, ಮೂರನೆಯವನು.

ರೋಡ್ನಿ ವಾಪಸು ಬಂದಿದ್ದಾನೆ. ನೀನು ಅವನನ್ನು ಮರೆತಿರಲಾರೆ: ಅಪ್ಪನ ಕಾಲೇಜಿನ ಫುಟ್‌ಬಾಲ್ ತಂಡದ ಹುಡುಗ, ಗಣಿತದಲ್ಲಿ ಫೇಲಾದರೆ ತಂಡದಿಂದ ತೆಗೆಯುತ್ತಾರೆ ಎಂದು ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದವನು. ಅವನಿಗೆ ಚಿತ್ರಾನ್ನ ಬಡಿಸಿ ಬಡಿಸಿ ನಿನ್ನ ಕೈ ಸೋಲುತ್ತಿತ್ತು. (ಅಕ್ಕ ಕೇಳಿದರೆ ಹೇಳು, ಇದು ನಮ್ಮ ಕಡೆಯ ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡಬೇಕು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ.) ಪೇಪರಿನಲ್ಲಿ ಅವನ ಫೋಟೋ ಬಂದಾಗ ಅಪ್ಪ ಅದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದರು. ಹೈಸ್ಕೂಲಿನಲ್ಲಿ ನನಗೆ ಬಂದ ಸರ್ಟಿಫಿಕೇಟು ಎಲ್ಲಿದೆಯೆಂದು ನಿನಗಾದರೂ ಗೊತ್ತಿದೆಯೇ?

ಹೋದ ವರ್ಷ ಜನವರಿಯಲ್ಲಿ ಅವನು ಓದನ್ನು ಅರ್ಧಕ್ಕೆ ಬಿಟ್ಟ. ದುಡ್ಡು ಕೊಟ್ಟು ಆಡಿಸುವ ಹಳೆಯ ಲೀಗಿನವರು ಕಾಲೇಜು ಮುಗಿಯುವವರೆಗೆ ಹುಡುಗರನ್ನು ಮುಟ್ಟುವುದಿಲ್ಲ. ವಸಂತದಲ್ಲಿ ಆಡುವ ಈ ಹೊಸ ಲೀಗಿನ ಒಂದು ತಂಡ ಮಾತ್ರ ಕಾಯುವುದೇ ಬೇಡ ಎಂದು ಕರೆಯಿತು. ಅಪ್ಪ ಎಷ್ಟು ಬೇಡಿಕೊಂಡರು! ಕೊನೆಗೆ ತಾವೇ ಏರ್‌ಪೋರ್ಟಿಗೆ ಬಿಟ್ಟು, ಕೈಗೊಂದು ಆಲ್‌ಜೀಬ್ರಾ ಪುಸ್ತಕ ಕೊಟ್ಟು ಬಂದರು. ಅದೇ ಬೇಸಿಗೆಯಲ್ಲಿ, ಡಿಗ್ರಿಗೆ ಒಂದೇ ವರ್ಷ ಉಳಿದಿರುವಾಗ, ನಾನು ಓದು ಬಿಟ್ಟು ಸನ್ನಿವೇಲಿನ ಕಂಪ್ಯೂಟರ್ ಚಿಪ್ ಕಂಪನಿಗೆ ಸೇರಿದೆ. ಇಬ್ಬರೂ ಮಾಡಿದ್ದು ಒಂದೇ ತಪ್ಪಾದರೆ ಶಿಕ್ಷೆಯೂ ಒಂದೇ ಇರಬೇಕಲ್ಲ? ನನಗೆ ಸಿಕ್ಕಿದ್ದು, "ನಿನ್ನಿಷ್ಟ. ಇನ್ಮೇಲೆ ನನ್ನ ಕೇಳ್ಬೇಡ" ಎಂಬ ಮಾತು. ಅಲ್ಲಿಂದಾಚೆಗೆ ಅಪ್ಪ ನನ್ನೊಡನೆ ಆಡಿರುವ ಮಾತೆಲ್ಲ ಗ್ರೋಸರಿ, ಕಾರಿನ ಆಯಿಲು, ಕಸದ ಡಬ್ಬ, ಇಷ್ಟರ ಸುತ್ತಲೇ.

ರೋಡ್ನಿ ಅಲ್ಲಿ ಪಟ್ಟ ಪಾಡನ್ನು ಅವನ ಬಾಯಿಂದಲೇ ಕೇಳಿದೆ. ಕಾಲೇಜಿನಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಅಲ್ಲಿ ಎದುರಿಗೆ ನಿಂತವರು ಮಕ್ಕಳೊಂದಿಗರು, ಮೂವತ್ತು ದಾಟಿದ ಗಂಡಸರು; ಇವನಿಗೆ ಇಪ್ಪತ್ತು. ಮೊದಲನೇ ಆಟದಲ್ಲೇ ಯಾರೋ ಗುದ್ದಿದ ಏಟಿಗೆ ತಾನು ಯಾವ ಕಡೆಗೆ ಓಡಬೇಕೆಂಬುದೇ ಮರೆತುಹೋಯಿತಂತೆ. ಆಮೇಲೆ ಬೆಂಚಿನ ಮೇಲೆ ಕೂರಿಸಿದರು. ಈ ವರ್ಷ ಪ್ರಾಕ್ಟೀಸಿನಲ್ಲಿ ಮಂಡಿ ತಿರುಚಿತು. ಆಸ್ಪತ್ರೆಯಿಂದ ಬಂದು ನೋಡಿದರೆ ಅವನ ಲಾಕರಿನ ಮೇಲಿದ್ದ ಹೆಸರಿನ ಚೀಟಿಯನ್ನು ಕಿತ್ತುಹಾಕಿದ್ದರು, ಗೋಂದಿನ ಕಲೆ ಮಾತ್ರ ಉಳಿದಿತ್ತು. ಒಮ್ಮೆ ದುಡ್ಡಿಗೆ ಆಡಿದವನನ್ನು ಕಾಲೇಜಿನ ತಂಡ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅವನ ತಾಯಿ ಸ್ಯಾಕ್ರಮೆಂಟೊದಲ್ಲಿರುವ ತಂಗಿಯ ಮನೆ ಸೇರಿದ್ದಾಳೆ, ಅಲ್ಲಿ ಇವನಿಗೆ ಮಲಗಲು ಜಾಗವಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಒಂದು ಸಂಜೆ ಊರುಗೋಲು ಹಿಡಿದು ನಮ್ಮ ಬಾಗಿಲಿಗೆ ಬಂದ. "ಪ್ರೊಫೆಸರ್, ನನ್ನ ತೆಗೆದುಹಾಕಿದರು," ಎಂದ. ಅಷ್ಟೇ. ಅಪ್ಪ ಏನಂದರು ಗೊತ್ತೇ? "ಒಳಗೆ ಬಾ. ನಾವು ಎಲ್ಲಿಗೆ ನಿಲ್ಲಿಸಿದ್ವಿ?"

ಅಮ್ಮಾ, ನನಗೆ ಅಂಥದೊಂದು ಮಾತು ಸಿಕ್ಕಿರಲಿಲ್ಲ. ನನ್ನ ಕೋಣೆಯನ್ನೂ ಅವನಿಗೇ ಕೊಟ್ಟರು, ಅವನು ಮಹಡಿ ಹತ್ತಲಾರ ಎಂದು. ನಾನು ಸೋಫಾದ ಮೇಲೆ. ಬೆಳಿಗ್ಗೆ ಅವನು ಒಂದು ಉಗ್ರಾಣದಲ್ಲಿ ಸ್ಟೂಲಿನ ಮೇಲೆ ಕೂತು ಸರಕು ಗುರುತು ಹಾಕುವ ಕೆಲಸ ಮಾಡುತ್ತಾನೆ, ಸಂಜೆ ಏಳಕ್ಕೆ ಊಟದ ಮೇಜಿನ ಮುಂದೆ ಪಾಠ. ಅದೇ ಮೇಜಿನಲ್ಲಿ ಅಪ್ಪ ನನಗೆ ಲೆಕ್ಕ ಹೇಳಿಕೊಟ್ಟದ್ದು ನಿನಗೆ ನೆನಪಿರಬೇಕು. ಎರಡನೇ ಸಲ ತಪ್ಪಿದರೆ ಪೆನ್ಸಿಲ್ಲು ಗೋಡೆಗೆ ಬಡಿಯುತ್ತಿತ್ತು. ಇವನು ಆರನೇ ಸಲ ತಪ್ಪಿದರೂ, "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ." ಹೋದ ಭಾನುವಾರ ಲಿವರ್‌ಮೋರಿನಲ್ಲಿ ಕಟ್ಟುತ್ತಿರುವ ದೇವಸ್ಥಾನಕ್ಕೂ ಅವನನ್ನು ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಬರುವುದಿಲ್ಲ ಎನ್ನುತ್ತಿದ್ದೆ, ಆ ಮಾತು ಬೇರೆ. ಅಲ್ಲಿ ಅವನು ಹೆಂಗಸರ ಜೊತೆ ಕೂತು ಕಾಯಿ ತುರಿದುಕೊಟ್ಟನಂತೆ. ಅಪ್ಪ ಇದನ್ನು ಫೋನಿನಲ್ಲಿ ಜಗನ್ನಾಥ ಅಂಕಲ್‌ಗೆ ಹೇಳಿಕೊಂಡು ನಗುತ್ತಿದ್ದರು. ಅಂಥ ನಗು ನಾನು ಕೇಳಿ ವರ್ಷ ಕಳೆದಿದೆ.

ಮಂಗಳವಾರ ತಡೆಯಲಾಗಲಿಲ್ಲ. ಅವನು ಒಂದು ಸಮೀಕರಣಕ್ಕೆ ತಿಣುಕುತ್ತಿದ್ದ. ನಾನು ಅಡುಗೆಮನೆಯಿಂದಲೇ, "ಅವನ ತಲೆಗೆ ಇದು ಹತ್ತೋದಿಲ್ಲ ಬಿಡಿ ಅಪ್ಪಾ, ಸುಮ್ನೆ ಯಾಕೆ ಟೈಮ್ ವೇಸ್ಟು," ಎಂದೆ. ಅಪ್ಪ ತಲೆ ಎತ್ತಿ, "ಅವನಿಗೆ ತಿಳೀಬಾರ್ದು ಅಂತ ಕನ್ನಡದಲ್ಲಿ ಅಂದ್ಯಾ?" ಎಂದು ಕೇಳಿದರು. ರೋಡ್ನಿಗೆ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಗಿತ್ತು. ಪಾಠ ಮುಗಿಸಿದವನೇ ದಿಂಬು ಹೊದಿಕೆ ಹೊತ್ತುಕೊಂಡು ಬಂದು ಸೋಫಾದ ಮೇಲೆ ಕೂತ. "ಅದು ನಿನ್ನ ರೂಮು, ಮ್ಯಾನ್. ಮೊದಲ ದಿನವೇ ಬೇಡ ಅನ್ನಬೇಕಿತ್ತು ನಾನು," ಎಂದ. ಎಷ್ಟು ಹೇಳಿದರೂ ಏಳಲಿಲ್ಲ. ನಾನು ನನ್ನ ಮಂಚದ ಮೇಲೆ ಮಲಗಿದೆ, ಗೆದ್ದ ಹಾಗೆ ಅನ್ನಿಸಲೇ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ಸೋಫಾ ಸಾಲದೆ ನೆಲದ ಮೇಲೆ ಮಲಗಿದ್ದಾನೆ, ಮಂಡಿ ಬಾತುಕೊಂಡಿದೆ. ಐಸ್ ತಂದು ಕಟ್ಟಿ, ಅವನ ದಿಂಬನ್ನು ನಾನೇ ಒಳಗೆ ತೆಗೆದುಕೊಂಡು ಹೋಗಿ ಇಟ್ಟೆ. ಅಪ್ಪ ಅಡುಗೆಮನೆಯಿಂದ ನೋಡಿದರು. ಕಾಫಿ ಎರಡು ಲೋಟ ತಂದಿಟ್ಟರು, ಮೊದಲನೆಯದು ಅವನ ಮುಂದೆ. ಅದನ್ನೂ ನಾನು ಗಮನಿಸಿದೆ. ನಾನು ಎಂಥವನಾಗಿದ್ದೇನೆ ನೋಡು.

ಅವನು ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈ ವಿಷಯ ಅಕ್ಕನಿಗೆ ಓದಿ ಹೇಳಬೇಡ, ನಗುತ್ತಾಳೆ. ಪುಟ್ಟ ಸೊಸೆಗೆ ನನ್ನ ಮುದ್ದು, ಭಾವನಿಗೆ ನಮಸ್ಕಾರ. ನಿನ್ನ ಕಾಲಿಗೆ ಇಲ್ಲಿಂದಲೇ ಬಗ್ಗುತ್ತೇನೆ, ತಲೆ ಮುಟ್ಟಿದೆ ಎಂದುಕೋ.

ನಿನ್ನ ಮಗ,
ತಿರುಮಲೇಶ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಮ್ಮಾ, ನನ್ನ ಕಂಪನಿಯಲ್ಲಿ ಆಗಸ್ಟ್ ಕೊನೆಗೇ ನಮ್ಮ ವಿಭಾಗ ಮುಚ್ಚಿ ಎಲ್ಲರನ್ನೂ ಕಳಿಸಿಬಿಟ್ಟರು. ಚಿಪ್‌ಗಳ ವ್ಯಾಪಾರ ಎಲ್ಲೆಡೆ ಬಿದ್ದುಹೋಗಿದೆ. ನಾನು ದಿನಾ ಆಫೀಸಿಗೆಂದು ಹೊರಟು ಪಾರ್ಕಿನ ಪಕ್ಕ ಕಾರಿನಲ್ಲಿ ಕೂತಿರುತ್ತಿದ್ದೆ. ಗುರುವಾರ ಉಗ್ರಾಣದಿಂದ ಬರುವಾಗ ರೋಡ್ನಿ ನೋಡಿಬಿಟ್ಟ. ಪಕ್ಕದ ಸೀಟಿನಲ್ಲಿ ಕೂತು ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದುಕೊಟ್ಟ, ಅಪ್ಪನಿಗೆ ಹೇಳಲಿಲ್ಲ. ಈ ಕಾಗದ ಅಂಟಿಸುವ ಮುಂಚೆ, ಈಗಷ್ಟೇ ನಾನೇ ಹೇಳಿ ಬಂದೆ. ಅಪ್ಪ ಹುರುಳಿಕಾಯಿ ಹೆಚ್ಚುತ್ತಿದ್ದರು. ಉಳಿದದ್ದನ್ನೂ ಹೆಚ್ಚಿ ಮುಗಿಸಿದರು. ಆಮೇಲೆ, "ಅವನು ಪಾಠಕ್ಕೆ ಏಳಕ್ಕೆ ಕೂತ್ಕೋತಾನೆ. ನೀನು ಆರೂವರೆಗೆ ಬಾ," ಅಂದರು. ಅರ್ಧ ಗಂಟೆ ಮುಂಚೆ, ಅಮ್ಮಾ. ಅವನಿಗಿಂತ ಮುಂಚೆ.